ಪೆಟ್ಟಿಗೆಯೊಳಗಿನ ಆಜ್ಞೆ: ನಡೆಯುವ ಬಗೆ, ನಿಲ್ಲದಿರುವ ಬಗೆ

(ಶಾಲೆಯ ಶತಮಾನೋತ್ಸವ ಉಪನ್ಯಾಸ ಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಉಪನ್ಯಾಸ ಮಾಲೆಯಲ್ಲಿ ಸಾಹಿತ್ಯ, ಯಕ್ಷಗಾನ ಹಾಗೂ ಸ್ಥಳೀಯ ಚರಿತ್ರೆಯನ್ನು ಕುರಿತು ವಿದ್ವಾಂಸರು ಈಗಾಗಲೇ ಮಾತನಾಡಿದ್ದಾರೆ. ಈ ದಿನ ನಾವು ಎತ್ತಿಕೊಂಡಿರುವ ವಿಷಯ ಗಣಕಯಂತ್ರಕ್ಕೆ ಸಂಬಂಧಿಸಿದುದು. ಕನ್ನಡ ಎಂ.ಎ. ಮಾಡಿದ ಮುಖ್ಯೋಪಾಧ್ಯಾಯಿನಿಗೆ ಇದರಲ್ಲೇನು ಕೆಲಸವೆಂದು ಹಿರಿಯರಿಗೆ ಅನಿಸಬಹುದು. ಕಾರಣವನ್ನು ಮೊದಲೇ ನಿವೇದಿಸುತ್ತೇವೆ. ಶತಮಾನೋತ್ಸವದ ಅಂಗವಾಗಿ ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳು, ಮಕ್ಕಳ ಕೈಬರಹದ ಪತ್ರಿಕೆಗಳು, ವಾರ್ಷಿಕೋತ್ಸವದ ಭಾವಚಿತ್ರಗಳು ಇವೆಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರ್ ಲ್ಯಾಬಿನ ಒಂದು ಯಂತ್ರದಲ್ಲಿ ಸಂಗ್ರಹಿಸಲಾಗಿದೆ. ಲ್ಯಾಬಿನ ಯಾವ ಯಂತ್ರದಿಂದಲೂ ಅದನ್ನು ತೆರೆದು ಓದಬಹುದು. ಆ ಸಂಗ್ರಹವನ್ನು ನಡೆಸುತ್ತಿರುವುದು ಎರಡು ಕಂಟೇನರುಗಳು. ಅಂದರೆ ತಂತ್ರಾಂಶದ ಎರಡು ಪೆಟ್ಟಿಗೆಗಳು. ಉತ್ಸವ ಮುಗಿದು ಚಪ್ಪರ ಬಿಚ್ಚಿದ ಮೇಲೆಯೂ ಆ ಪೆಟ್ಟಿಗೆಗಳು ನಡೆಯುತ್ತಿರಬೇಕಾದರೆ ಅವು ಹೇಗೆ ನಡೆಯುತ್ತವೆ, ಏಕೆ ನಿಲ್ಲುತ್ತವೆ ಎಂಬುದನ್ನು ಶಾಲೆಯಲ್ಲಿ ಸದಾ ನಾಲ್ಕು ಮಂದಿಯಾದರೂ ಬಲ್ಲವರಾಗಿರಬೇಕು. ಇಂದಿನ ಮಾತು ಅದಕ್ಕಾಗಿ.

ಬೆಂಗಳೂರಿನಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ಇದೇ ವಿದ್ಯೆಯಿಂದ ಜೀವನ ನಡೆಸುತ್ತಿರುವ ನಮ್ಮ ಹಳೆ ವಿದ್ಯಾರ್ಥಿಗಳು ಈ ಸಭೆಯಲ್ಲಿದ್ದಾರೆ. ಅವರಿಗೆ ಇದು ತಿಳಿದ ಪಾಠ. ಆದರೆ ಈ ಪಾಠವನ್ನು ಕನ್ನಡದಲ್ಲಿ ಕೇಳಿದವರು ಅವರಲ್ಲಿಯೂ ಕಡಿಮೆ ಎಂದು ಭಾವಿಸಿ ಮುಂದುವರಿಯುತ್ತೇವೆ.

ಹೆಸರಿನ ಮೂಲ

ಕಂಟೇನರ್ ಎಂಬ ಹೆಸರು ಹಡಗಿನ ಸರಕಿನಿಂದ ಬಂದುದು. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಸಾರಿಗೆ ಉದ್ಯಮಿಯ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ನಮ್ಮ ಗಡಿನಾಡಿನ ಹಿರಿಯರಿಗೆ 1956 ಎಂದೊಡನೆ ನವೆಂಬರ್ ಒಂದರ ನೆನಪಾಗುತ್ತದೆ. ಲೋಕದ ಬಂದರುಗಳಿಗೆ ಅದು ಪೆಟ್ಟಿಗೆಯ ವರ್ಷ. ಅದಕ್ಕೂ ಮೊದಲು ಮೂಟೆ, ಪೀಪಾಯಿ, ಗಂಟುಗಳನ್ನು ಒಂದೊಂದಾಗಿ ಹೊತ್ತು ಏರಿಸಿ ಇಳಿಸುತ್ತಿದ್ದರು. ಒಂದೇ ಅಳತೆಯ ಪೆಟ್ಟಿಗೆ ಬಂದ ಮೇಲೆ ಒಳಗೆ ಏನಿದೆಯೆಂದು ಕ್ರೇನಿಗೆ ತಿಳಿಯಬೇಕಾದ ಅಗತ್ಯವೇ ಉಳಿಯಲಿಲ್ಲ.

ತಂತ್ರಾಂಶಕ್ಕೂ ಇಂಥದೇ ತೊಡಕಿತ್ತು. ಒಂದು ಯಂತ್ರದಲ್ಲಿ ಸರಿಯಾಗಿ ನಡೆದ ಕಾರ್ಯಕ್ರಮ ಇನ್ನೊಂದರಲ್ಲಿ ನಡೆಯದು; ಅಲ್ಲಿನ ಗ್ರಂಥಾಲಯ ಕಡತಗಳು ಬೇರೆ, ಆವೃತ್ತಿ ಬೇರೆ, ವ್ಯವಸ್ಥೆ ಬೇರೆ. ಕಾರ್ಯಕ್ರಮವನ್ನೂ ಅದಕ್ಕೆ ಬೇಕಾದ ಎಲ್ಲ ಕಡತಗಳನ್ನೂ ಒಂದೇ ಕಟ್ಟಾಗಿ ಕಟ್ಟಿ ಸಾಗಿಸುವ ಉಪಾಯವೇ ತಂತ್ರಾಂಶದ ಕಂಟೇನರ್. ಇದರ ಬೇರುಗಳು ಹಳೆಯವು. 1979ರ ಹೊತ್ತಿಗೆ ಯುನಿಕ್ಸಿನಲ್ಲಿ ‘ಸಿಹೆಚ್‌ರೂಟ್’ ಎಂಬ ಸೌಕರ್ಯ ಬಂದಿತ್ತು. ಒಂದು ಕಾರ್ಯಕ್ರಮಕ್ಕೆ ಕಡತಗಳ ಒಂದು ಕೊಂಬೆಯನ್ನು ಮಾತ್ರ ತೋರಿಸಿ ಇದೇ ಇಡೀ ಮರವೆಂದು ನಂಬಿಸುವುದು ಅದರ ಕೆಲಸ. 2000ದಲ್ಲಿ ಫ್ರೀಬಿಎಸ್‌ಡಿಯ ‘ಜೈಲ್’ ಬಂತು. 2008ರಲ್ಲಿ ‘ಸಿಗ್ರೂಪ್’ ಎಂಬ ಸೌಕರ್ಯ ಲಿನಕ್ಸ್ ಕರ್ನಲಿನ ಭಾಗವಾಯಿತು. ಇವನ್ನೆಲ್ಲ ಸಾಮಾನ್ಯ ತಂತ್ರಜ್ಞರ ಕೈಗೆಟಕುವಂತೆ ಜೋಡಿಸಿದ ‘ಡಾಕರ್’ ಎಂಬ ಸಾಧನವನ್ನು 2013ರ ಮಾರ್ಚಿನಲ್ಲಿ ಸಾಲೊಮನ್ ಹೈಕ್ಸ್ ಎಂಬವರು ಪೈಥಾನ್ ಭಾಷೆಯ ಸಮ್ಮೇಳನವೊಂದರಲ್ಲಿ ಮೊದಲಾಗಿ ತೋರಿಸಿದರು. ಅಲ್ಲಿಂದೀಚೆಗೆ ಅದು ಲೋಕದ ತುಂಬ ಹರಡಿತು.

ನಮ್ಮ ಮಕ್ಕಳಿಗೆ ಇದರ ನೆಲ ಅಪರಿಚಿತವಲ್ಲ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭಗೊಂಡ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ನಮ್ಮ ಲ್ಯಾಬಿನ ಯಂತ್ರಗಳಲ್ಲಿರುವುದು ಉಬುಂಟು ಆಧಾರಿತವಾದ ಸ್ವತಂತ್ರ ತಂತ್ರಾಂಶ, ಅಂದರೆ ಲಿನಕ್ಸ್. ಡಾಕರಿನ ತವರೂ ಅದೇ.

ಪೆಟ್ಟಿಗೆ ಎಂದರೇನು?

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಕಂಟೇನರ್ ಎಂಬುದು ಯಂತ್ರದೊಳಗಿನ ಇನ್ನೊಂದು ಯಂತ್ರವಲ್ಲ. ಅದರೊಳಗೆ ಬೇರೆ ಕರ್ನಲ್ ಇರುವುದಿಲ್ಲ. ಅದು ಮೂಲತಃ ಒಂದು ಸಾಮಾನ್ಯ ಪ್ರಕ್ರಿಯೆ, ಎಂದರೆ ನಡೆಯುತ್ತಿರುವ ಒಂದು ಕಾರ್ಯಕ್ರಮ. ಅದರ ಸುತ್ತ ಕರ್ನಲ್ ಎರಡು ಬಗೆಯ ಗೋಡೆಗಳನ್ನು ಕಟ್ಟಿರುತ್ತದೆ. ‘ನೇಮ್‌ಸ್ಪೇಸ್’ ಎಂಬುದು ಕಣ್ಣಿಗೆ ಕಟ್ಟಿದ ಗೋಡೆ: ಒಳಗಿನ ಕಾರ್ಯಕ್ರಮಕ್ಕೆ ಹೊರಗಿನ ಪ್ರಕ್ರಿಯೆಗಳು, ಕಡತಗಳು, ಜಾಲಸಂಪರ್ಕ ಕಾಣಿಸವು. ‘ಸಿಗ್ರೂಪ್’ ಎಂಬುದು ಬಾಯಿಗೆ ಕಟ್ಟಿದ ಅಳತೆ: ಇಷ್ಟು ಸ್ಮೃತಿ, ಇಷ್ಟು ಪ್ರಕ್ರಿಯಾ ಸಮಯ, ಇದಕ್ಕಿಂತ ಹೆಚ್ಚು ಸಲ್ಲದು.

ಇಮೇಜ್ ಮತ್ತು ಕಂಟೇನರ್ ಎಂಬ ಎರಡು ಪದಗಳ ಅಂತರವನ್ನೂ ತಿಳಿದಿರಬೇಕು. ಇಮೇಜ್ ಮುದ್ರಿತ ಪಠ್ಯಪುಸ್ತಕದಂತೆ. ಬದಲಾಗದು, ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದು. ಕಂಟೇನರ್ ಆ ಪುಸ್ತಕವನ್ನಿಟ್ಟುಕೊಂಡು ನಡೆಯುತ್ತಿರುವ ತರಗತಿ. ತರಗತಿಯಲ್ಲಿ ಕರಿಹಲಗೆಯ ಮೇಲೆ ಏನೇ ಬರೆದರೂ ಪುಸ್ತಕದಲ್ಲಿ ಅದು ಮೂಡುವುದಿಲ್ಲ. ಕಂಟೇನರನ್ನು ನಿಲ್ಲಿಸಿದರೆ ಹಲಗೆಯ ಬರಹ ಉಳಿಯುತ್ತದೆ. ಕಂಟೇನರನ್ನೇ ಅಳಿಸಿದರೆ ಬರಹವೂ ಅಳಿಯುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡವರಿಗೆ ಮುಂದಿನ ಅರ್ಧ ಪಾಠ ಸುಲಭವಾಗುವುದು.

ಒಂದನೆಯ ಸಂಖ್ಯೆಯ ಪ್ರಕ್ರಿಯೆ

ಲ್ಯಾಬಿನಲ್ಲಿ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ‘ಟೀಚರ್, ಡಾಕರ್ ರನ್ ಉಬುಂಟು ಎಂದು ಬರೆದೆ. ತಪ್ಪೆಂದು ಹೇಳಲಿಲ್ಲ. ಆದರೆ ನೋಡಿದರೆ ಕಂಟೇನರ್ ನಿಂತೇ ಹೋಗಿದೆ. ಯಾಕೆ?’

ಉತ್ತರ ಈ ವಿಷಯದ ತಿರುಳೇ ಆಗಿದೆ. ಪ್ರತಿಯೊಂದು ಕಂಟೇನರಿನೊಳಗೂ ಮೊದಲು ಆರಂಭವಾಗುವ ಪ್ರಕ್ರಿಯೆಗೆ 1 ಎಂಬ ಸಂಖ್ಯೆ. ಆ ಪ್ರಕ್ರಿಯೆ ಬದುಕಿರುವಷ್ಟು ಕಾಲ ಕಂಟೇನರ್ ಬದುಕಿರುತ್ತದೆ. ಅದು ಮುಗಿದ ಕ್ಷಣ, ಒಳಗೆ ಇನ್ನಾವ ಪ್ರಕ್ರಿಯೆ ನಡೆಯುತ್ತಿದ್ದರೂ ಸರಿ, ಕರ್ನಲ್ ಅವೆಲ್ಲವನ್ನೂ ಕೊನೆಗೊಳಿಸುತ್ತದೆ. ಉಬುಂಟು ಇಮೇಜಿನಲ್ಲಿ ಒಂದನೆಯ ಪ್ರಕ್ರಿಯೆಯಾಗಿ ನಿಗದಿಯಾಗಿರುವುದು ಬ್ಯಾಷ್, ಅಂದರೆ ಆಜ್ಞೆಗಳನ್ನು ಕೇಳಿಸಿಕೊಳ್ಳುವ ಶೆಲ್. ಕೀಲಿಮಣೆಯ ಸಂಪರ್ಕ ಕೊಡದೆ ಅದನ್ನು ಎಬ್ಬಿಸಿದರೆ, ಕೇಳಲು ಯಾವ ಆಜ್ಞೆಯೂ ಇಲ್ಲವೆಂದು ಕಂಡು, ಕೆಲಸ ಮುಗಿಯಿತೆಂದು ಅದು ಮರಳುತ್ತದೆ. ಅಲ್ಲಿ ತಪ್ಪೇನೂ ನಡೆದಿಲ್ಲ. ಆದ್ದರಿಂದಲೇ ಅದು ಬಿಟ್ಟುಹೋಗುವ ಸಂಕೇತ ಸಂಖ್ಯೆ ಸೊನ್ನೆ. ಕೀಲಿಮಣೆಯನ್ನೂ ಪರದೆಯನ್ನೂ ಜೋಡಿಸಲು ‘ಮೈನಸ್ ಐ’ ಮತ್ತು ‘ಮೈನಸ್ ಟಿ’ ಎಂಬ ಸೂಚನೆಗಳನ್ನು ಸೇರಿಸಿದರೆ ಅದೇ ಬ್ಯಾಷ್ ನಮ್ಮ ಮುಂದೆ ಕಾದು ಕುಳಿತಿರುತ್ತದೆ.

ಕೆಲವರು ‘ಮೈನಸ್ ಡಿ’ ಎಂಬ ಸೂಚನೆ ಕೊಟ್ಟರೆ ಕಂಟೇನರ್ ನಿಲ್ಲದೆಂದು ತಿಳಿಯುತ್ತಾರೆ. ಅದು ಕಂಟೇನರನ್ನು ಹಿನ್ನೆಲೆಗೆ ಕಳುಹಿಸುತ್ತದೆಯೇ ಹೊರತು ಅದಕ್ಕೆ ಆಯುಸ್ಸನ್ನು ಕೊಡದು. ಒಂದನೆಯ ಪ್ರಕ್ರಿಯೆ ಮುಗಿದರೆ ಹಿನ್ನೆಲೆಯಲ್ಲಿಯೂ ಅದು ನಿಲ್ಲುತ್ತದೆ.

ಜಾಲತಾಣವನ್ನು ಉಣಬಡಿಸುವ ಎಂಜಿನ್‌ಎಕ್ಸ್ ಎಂಬ ತಂತ್ರಾಂಶವನ್ನೇ ನೋಡೋಣ. ಸಾಮಾನ್ಯ ಯಂತ್ರದಲ್ಲಿ ಅದು ತನ್ನ ಪ್ರತಿಯೊಂದನ್ನು ಹಿನ್ನೆಲೆಗೆ ಬಿಟ್ಟು, ಎಬ್ಬಿಸಿದ ಮೂಲ ಪ್ರಕ್ರಿಯೆಯನ್ನು ಮುಗಿಸಿಬಿಡುತ್ತದೆ. ಅಲ್ಲಿ ಅದೇ ಸರಿ. ಕಂಟೇನರಿನಲ್ಲಿ ಹಾಗೆ ಮಾಡಿದರೆ ಮೂಲ ಪ್ರಕ್ರಿಯೆ ಮುಗಿದೊಡನೆ ಪೆಟ್ಟಿಗೆಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಅದಕ್ಕೆ ‘ಡೀಮನ್ ಆಫ್’, ಅಂದರೆ ಹಿನ್ನೆಲೆಗೆ ಸರಿಯಬೇಡ, ಮುನ್ನೆಲೆಯಲ್ಲಿಯೇ ನಿಲ್ಲು ಎಂದು ಹೇಳಬೇಕಾಗುತ್ತದೆ. ಅಧಿಕೃತ ಇಮೇಜಿನಲ್ಲಿ ಆ ಮಾತು ಮೊದಲೇ ಬರೆದಿರುತ್ತದೆ. ಕಂಟೇನರಿನ ಮೊದಲ ನಿಯಮ ಇಷ್ಟೆ: ಮುಖ್ಯ ಕೆಲಸ ಮುನ್ನೆಲೆಯಲ್ಲಿ ನಡೆಯಬೇಕು.

ಹುಸಿಯಾಗಿ ಬದುಕಿಸುವ ಉಪಾಯ

ಪೆಟ್ಟಿಗೆ ಮುಚ್ಚದಂತೆ ಮಾಡಲು ಒಂದು ಸುಲಭೋಪಾಯವುಂಟು. ಒಂದನೆಯ ಪ್ರಕ್ರಿಯೆಯಾಗಿ ‘ಸ್ಲೀಪ್ ಇನ್ಫಿನಿಟಿ’ ಎಂದು ಕೊಡುವುದು. ಎಂದರೆ ಅನಂತಕಾಲ ಮಲಗಿರು ಎಂಬ ಆಜ್ಞೆ. ಎಂದೂ ಏನೂ ಬರದ ಶೂನ್ಯ ಕಡತವೊಂದನ್ನು ‘ಟೈಲ್ ಮೈನಸ್ ಎಫ್’ ಎಂದು ಕಾಯುತ್ತಿರಲು ಹೇಳುವುದೂ ಇದೇ ಜಾತಿಯದು. ಒಳಗೆ ಹೊಕ್ಕು ಏನೇನಿದೆಯೆಂದು ಪರೀಕ್ಷಿಸಲು, ಮಕ್ಕಳಿಗೆ ಪಾಠ ಹೇಳಲು ಇದು ಒಳ್ಳೆಯ ಸಾಧನ. ಅದನ್ನು ನಾವೂ ಬಳಸುತ್ತೇವೆ.

ಆದರೆ ನಿಜವಾದ ಕೆಲಸಕ್ಕೆ ಇದನ್ನು ಬಳಸಬಾರದು. ಮಲಗಿರುವ ಪ್ರಕ್ರಿಯೆಯನ್ನು ಒಂದನೆಯದಾಗಿಟ್ಟು, ಅದರ ಪಕ್ಕದಲ್ಲಿ ಜಾಲತಾಣದ ತಂತ್ರಾಂಶವನ್ನು ಎಬ್ಬಿಸಿದೆವೆನ್ನಿ. ನಾಳೆ ಆ ತಂತ್ರಾಂಶ ಸತ್ತರೂ ಮಲಗಿರುವವನು ಮಲಗಿಯೇ ಇರುತ್ತಾನೆ. ‘ಡಾಕರ್ ಪಿಎಸ್’ ಎಂದು ಕೇಳಿದರೆ ಕಂಟೇನರ್ ಇಷ್ಟು ದಿನಗಳಿಂದ ನಡೆಯುತ್ತಿದೆಯೆಂಬ ಉತ್ತರವೇ ಬರುತ್ತದೆ. ಪೆಟ್ಟಿಗೆ ಬದುಕಿದೆ, ಪೆಟ್ಟಿಗೆಯನ್ನು ಯಾವ ಕಾರಣಕ್ಕಾಗಿ ತಂದೆವೋ ಅದು ಬದುಕಿಲ್ಲ. ಸತ್ತುದನ್ನು ಮತ್ತೆ ಎಬ್ಬಿಸುವ ವ್ಯವಸ್ಥೆಗೂ ಸುದ್ದಿ ತಲುಪದು. ಏಕೆಂದರೆ ಆ ವ್ಯವಸ್ಥೆ ನೋಡುವುದು ಒಂದನೆಯ ಪ್ರಕ್ರಿಯೆಯನ್ನು ಮಾತ್ರ.

ನಡೆಯುತ್ತಿರುವ ಪೆಟ್ಟಿಗೆಯೊಳಗೆ ಆಜ್ಞೆ

ಈಗಾಗಲೇ ನಡೆಯುತ್ತಿರುವ ಕಂಟೇನರಿನೊಳಗೆ ಇನ್ನೊಂದು ಆಜ್ಞೆಯನ್ನು ನಡೆಸಲು ‘ಡಾಕರ್ ಎಕ್ಸೆಕ್’ ಎಂಬುದಿದೆ. 2014ರ ಅಕ್ಟೋಬರಿನ ಆವೃತ್ತಿಯಲ್ಲಿ ಇದು ಸೇರಿತು. ದತ್ತಸಂಚಯದ ಕಂಟೇನರಿನಲ್ಲಿ ಎಷ್ಟು ಭಾವಚಿತ್ರಗಳ ವಿವರ ದಾಖಲಾಗಿದೆಯೆಂದು ನೋಡಬೇಕಾದರೆ ಇದರ ಮೂಲಕ ಒಳಹೊಕ್ಕು, ಪ್ರಶ್ನೆ ಕೇಳಿ, ಹೊರಬರಬಹುದು. ಹೀಗೆ ಹೊಕ್ಕವರು ‘ಎಕ್ಸಿಟ್’ ಎಂದು ಹೊರಬಂದರೆ ಕಂಟೇನರಿಗೆ ಏನೂ ಆಗದು. ಅವರು ಎರಡನೆಯ ಪ್ರಕ್ರಿಯೆಯಾಗಿ ಹೋದವರು, ಒಂದನೆಯದು ತನ್ನ ಕೆಲಸದಲ್ಲಿದೆ.

‘ಡಾಕರ್ ಅಟ್ಯಾಚ್’ ಎಂಬುದು ಬೇರೆ. ಅದು ನಮ್ಮನ್ನು ನೇರವಾಗಿ ಒಂದನೆಯ ಪ್ರಕ್ರಿಯೆಗೆ ಜೋಡಿಸುತ್ತದೆ. ಅಲ್ಲಿ ಅಭ್ಯಾಸಬಲದಿಂದ ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒತ್ತಿದರೆ ಆ ಸೂಚನೆ ಮುಖ್ಯ ಕೆಲಸಕ್ಕೇ ಮುಟ್ಟಿ ಇಡೀ ಕಂಟೇನರ್ ನಿಲ್ಲಬಹುದು. ಒಳಗೆ ನೋಡಿ ಬರುವ ಕೆಲಸಕ್ಕೆ ಎಕ್ಸೆಕ್ ಸಾಕು ಎಂದು ನಾವು ಮಕ್ಕಳಿಗೆ ಹೇಳಿದ್ದೇವೆ.

ಎಕ್ಸೆಕ್ ಬಗ್ಗೆ ಎರಡು ಎಚ್ಚರಿಕೆಗಳಿವೆ. ಒಂದು, ಅದರ ಮೂಲಕ ಎಬ್ಬಿಸಿದ ಕೆಲಸ ಕಂಟೇನರ್ ಮರುಪ್ರಾರಂಭವಾದಾಗ ತಾನಾಗಿ ಏಳುವುದಿಲ್ಲ. ಎರಡು, ಅದರ ಮೂಲಕ ಸ್ಥಾಪಿಸಿದ ತಂತ್ರಾಂಶ, ತಿದ್ದಿದ ಕಡತ ಎಲ್ಲವೂ ಕರಿಹಲಗೆಯ ಬರಹ. ಹೊಸ ಇಮೇಜಿನಿಂದ ಹೊಸ ಕಂಟೇನರ್ ಮಾಡಿದ ದಿನ ಅವು ಇರುವುದಿಲ್ಲ. ಶಾಶ್ವತವಾಗಿ ಬೇಕಾದುದನ್ನು ಇಮೇಜ್ ಕಟ್ಟುವ ಸೂಚನಾ ಕಡತದಲ್ಲಿ, ಅಂದರೆ ಡಾಕರ್‌ಫೈಲಿನಲ್ಲಿ ಬರೆಯಬೇಕು. ಎಕ್ಸೆಕ್ ನೋಡುವುದಕ್ಕೆ, ಡಾಕರ್‌ಫೈಲ್ ಮಾಡುವುದಕ್ಕೆ.

ಗೌರವದಿಂದ ನಿಲ್ಲಿಸುವುದು

ನಡೆಸುವುದನ್ನು ಬಲ್ಲವರು ನಿಲ್ಲಿಸುವುದನ್ನೂ ಬಲ್ಲವರಾಗಿರಬೇಕು. ‘ಡಾಕರ್ ಸ್ಟಾಪ್’ ಎಂದಾಗ ಡಾಕರ್ ಒಂದನೆಯ ಪ್ರಕ್ರಿಯೆಗೆ ‘ಸಿಗ್‌ಟರ್ಮ್’ ಎಂಬ ಸಂಕೇತವನ್ನು ಕಳುಹಿಸುತ್ತದೆ. ಕೈಯಲ್ಲಿರುವ ಕೆಲಸವನ್ನು ಮುಗಿಸಿ ಹೊರಡು ಎಂಬುದು ಅದರ ಅರ್ಥ. ಸಾಮಾನ್ಯವಾಗಿ 10 ಸೆಕೆಂಡು ಕಾಯುತ್ತದೆ. ಆ ಮೇಲೂ ಹೊರಡದಿದ್ದರೆ ‘ಸಿಗ್‌ಕಿಲ್’. ಅದಕ್ಕೆ ಮರುಮಾತಿಲ್ಲ.

ಇಲ್ಲಿ ಒಂದನೆಯ ಪ್ರಕ್ರಿಯೆಗೆ ವಿಶೇಷ ಸ್ಥಾನವಿದೆ. ಸಾಮಾನ್ಯ ಪ್ರಕ್ರಿಯೆಗಳು ಸಿಗ್‌ಟರ್ಮ್ ಬಂದೊಡನೆ ಸುಮ್ಮನೆ ಕೊನೆಗೊಳ್ಳುತ್ತವೆ. ಆದರೆ ತಾನು ಆ ಸಂಕೇತವನ್ನು ಹೇಗೆ ಸ್ವೀಕರಿಸುವೆನೆಂದು ಸ್ಪಷ್ಟವಾಗಿ ಬರೆದುಕೊಂಡಿರದ ಒಂದನೆಯ ಪ್ರಕ್ರಿಯೆಗೆ ಕರ್ನಲ್ ಅದನ್ನು ತಲುಪಿಸುವುದೇ ಇಲ್ಲ. ಮುಖ್ಯ ಕೆಲಸವನ್ನು ಒಂದು ಶೆಲ್ ಲಿಪಿಯೊಳಗಿಂದ ಎಬ್ಬಿಸಿದ್ದರೆ ಶೆಲ್ ಒಂದನೆಯದಾಗಿ ಕುಳಿತು, ಬಂದ ಸಂಕೇತವನ್ನು ಒಳಗಿನ ಕೆಲಸಕ್ಕೆ ದಾಟಿಸದೆ ಇರುವುದೂ ಉಂಟು. ಎರಡೂ ಸಂದರ್ಭಗಳಲ್ಲಿ 10 ಸೆಕೆಂಡು ವ್ಯರ್ಥವಾಗಿ ಕಳೆದು, ಕೊನೆಗೆ ಬಲವಂತದ ಸಾವು. ಜಾಲತಾಣಕ್ಕೆ ಇದರಿಂದ ದೊಡ್ಡ ಹಾನಿಯಿಲ್ಲ. ದತ್ತಸಂಚಯ ಬರೆಯುತ್ತಿರುವಾಗ ಹೀಗಾಗುವುದು ಹಿತವಲ್ಲ. ಚೇತರಿಸಿಕೊಳ್ಳುವ ವ್ಯವಸ್ಥೆ ಅದಕ್ಕಿದ್ದರೂ ಪದೇ ಪದೇ ಪರೀಕ್ಷೆಗೊಡ್ಡಬಾರದು.

ಪರಿಹಾರ ಸರಳ. ಲಿಪಿಯ ಕೊನೆಯ ಸಾಲಿನಲ್ಲಿ ಮುಖ್ಯ ಆಜ್ಞೆಯ ಮುಂದೆ ‘ಎಕ್ಸೆಕ್’ ಎಂಬ ಪದವನ್ನಿಟ್ಟರೆ ಶೆಲ್ ತನ್ನ ಸ್ಥಾನವನ್ನು ಮುಖ್ಯ ಕೆಲಸಕ್ಕೆ ಬಿಟ್ಟುಕೊಡುತ್ತದೆ. ಇದು ಶೆಲ್ಲಿನ ಎಕ್ಸೆಕ್. ಮೊದಲು ಹೇಳಿದ ಡಾಕರಿನ ಎಕ್ಸೆಕ್ ಅಲ್ಲ. ಇಲ್ಲವಾದರೆ ‘ಇನಿಟ್’ ಎಂಬ ಸೂಚನೆ ಕೊಟ್ಟರೆ ಡಾಕರ್ ಒಂದು ಪುಟ್ಟ ಮೇಲ್ವಿಚಾರಕನನ್ನು ಒಂದನೆಯ ಸ್ಥಾನದಲ್ಲಿ ಕೂರಿಸುತ್ತದೆ. ಸಂಕೇತಗಳನ್ನು ದಾಟಿಸುವುದು ಮತ್ತು ಸತ್ತ ಮೇಲೂ ಪಟ್ಟಿಯಲ್ಲಿ ಹೆಸರುಳಿದಿರುವ ಮರಿ ಪ್ರಕ್ರಿಯೆಗಳ ಲೆಕ್ಕ ಮುಗಿಸುವುದು, ಈ ಎರಡೇ ಅದರ ಕೆಲಸ.

ಮಳೆಗಾಲ ಮತ್ತು ಮರುಪ್ರಾರಂಭ

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ನಮ್ಮ ಊರಿನಲ್ಲಿ ಮಳೆ, ಸಿಡಿಲು, ವಿದ್ಯುತ್ ಕಡಿತ ಒಟ್ಟಿಗೇ ಬರುತ್ತವೆ. ಯುಪಿಎಸ್ ಕೆಲವು ನಿಮಿಷ ಹಿಡಿದುನಿಲ್ಲಿಸೀತು, ಒಂದು ರಾತ್ರಿಯನ್ನಲ್ಲ. ವಿದ್ಯುತ್ ಮರಳಿ ಬಂದು ಯಂತ್ರ ಹೊತ್ತಿಕೊಂಡಾಗ ಸಂಗ್ರಹ ತಾನಾಗಿ ಏಳಬೇಕೇ, ಯಾರಾದರೂ ಬಂದು ಎಬ್ಬಿಸಬೇಕೇ ಎಂಬುದನ್ನು ನಾವು ಮೊದಲೇ ನಿರ್ಧರಿಸಿಡಬೇಕು.

ಇದಕ್ಕೆ ಡಾಕರಿನಲ್ಲಿ ನಾಲ್ಕು ಬಗೆಯ ಮರುಪ್ರಾರಂಭ ನೀತಿಗಳಿವೆ. ‘ನೋ’ ಎಂದರೆ ನಿಂತುದು ನಿಂತೇ ಇರಲಿ. ಏನೂ ಹೇಳದಿದ್ದರೆ ಅನ್ವಯಿಸುವುದು ಇದೇ. ‘ಆನ್ ಫೇಲ್ಯೂರ್’ ಎಂದರೆ ಸೊನ್ನೆಯಲ್ಲದ ಸಂಕೇತದೊಡನೆ ಸತ್ತರೆ ಮಾತ್ರ ಎಬ್ಬಿಸು; ಎಷ್ಟು ಬಾರಿಯೆಂಬ ಮಿತಿಯನ್ನೂ ಹಾಕಬಹುದು. ‘ಆಲ್ವೇಸ್’ ಎಂದರೆ ಹೇಗೆ ನಿಂತರೂ ಎಬ್ಬಿಸು. ನಾವು ಕೈಯಾರೆ ನಿಲ್ಲಿಸಿದ್ದರೂ ಯಂತ್ರ ಮರುಪ್ರಾರಂಭವಾದಾಗ ಅದು ಮತ್ತೆ ಏಳುವುದು. ‘ಅನ್‌ಲೆಸ್ ಸ್ಟಾಪ್ಡ್’ ಎಂದರೆ ನಾವಾಗಿ ನಿಲ್ಲಿಸಿದುದನ್ನು ಬಿಟ್ಟು ಉಳಿದೆಲ್ಲವನ್ನೂ ಎಬ್ಬಿಸು. ನಮ್ಮ ಸಂಗ್ರಹಕ್ಕೆ ನಾವು ಆರಿಸಿಕೊಂಡಿರುವುದು ಈ ಕೊನೆಯದನ್ನು. ಬೇಸಗೆ ರಜೆಯಲ್ಲಿ ಬೇಕೆಂದೇ ನಿಲ್ಲಿಸಿಟ್ಟುದು ತಾನಾಗಿ ಏಳಬಾರದು. ಮಳೆಗಾಲದಲ್ಲಿ ವಿದ್ಯುತ್ತಿನಿಂದ ನಿಂತುದು ಯಾರೂ ಕರೆಯದೆ ಏಳಬೇಕು. ಇದಕ್ಕೆ ಮುನ್ನ ಡಾಕರ್ ಸೇವೆಯೇ ಯಂತ್ರದೊಡನೆ ಏಳುವಂತೆ ‘ಸಿಸ್ಟಮ್ ಸಿಟಿಎಲ್ ಎನೇಬಲ್’ ಎಂಬ ಆಜ್ಞೆಯನ್ನು ಒಮ್ಮೆ ಕೊಟ್ಟಿರಬೇಕು. ಒಡೆಯನೇ ಏಳದ ಮನೆಯಲ್ಲಿ ಆಳು ಏಳುವುದೆಂತು?

ಮರುಪ್ರಾರಂಭವೇ ಸರ್ವರೋಗ ನಿವಾರಕವಲ್ಲ. ವ್ಯವಸ್ಥಾ ಕಡತದಲ್ಲಿ ಒಂದು ಅಕ್ಷರ ತಪ್ಪಿದ್ದರೆ ಕಂಟೇನರ್ ಎದ್ದು ಬೀಳುತ್ತ, ಎದ್ದು ಬೀಳುತ್ತ ಇರುತ್ತದೆ. ಡಾಕರ್ ಪ್ರತಿ ಬಾರಿಯೂ ಕಾಯುವ ಅವಧಿಯನ್ನು ಇಮ್ಮಡಿಗೊಳಿಸುತ್ತ ಹೋದರೂ ರೋಗದ ಕಾರಣವನ್ನು ಹುಡುಕಬೇಕಾದವರು ನಾವೇ. ‘ಡಾಕರ್ ಲಾಗ್ಸ್’ ಎಂದರೆ ಅದು ಸಾಯುವ ಮುನ್ನ ಆಡಿದ ಮಾತುಗಳು ಸಿಗುತ್ತವೆ. ಸಂಕೇತ ಸಂಖ್ಯೆಯೂ ಬಹಳಷ್ಟನ್ನು ಹೇಳುತ್ತದೆ. 127 ಎಂದರೆ ಹೇಳಿದ ಆಜ್ಞೆಯೇ ಒಳಗಿಲ್ಲ. 126 ಎಂದರೆ ಆಜ್ಞೆ ಇದೆ, ನಡೆಸಲಾಗುತ್ತಿಲ್ಲ. 143 ಎಂದರೆ 128ಕ್ಕೆ 15 ಕೂಡಿಸಿದ್ದು, ಸಿಗ್‌ಟರ್ಮಿನಿಂದ ನಿಂತಿದೆ. 137 ಎಂದರೆ 128ಕ್ಕೆ 9 ಕೂಡಿಸಿದ್ದು, ಸಿಗ್‌ಕಿಲ್. ಯಾರೂ ಕೊಲ್ಲದೆ 137 ಕಂಡರೆ ಸ್ಮೃತಿ ಸಾಲದೆ ಕರ್ನಲ್ಲೇ ಕೊಂದಿರಬಹುದೆಂದು ಶಂಕಿಸಬೇಕು. ಎಂಟನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಮಗ್ಗಿಯಂತೆ ಹೇಳುವುದನ್ನು ಕೇಳಿ ನಮಗೆ ಸಂತೋಷವಾಗಿದೆ.

ನಡೆಯುವುದು ಬೇರೆ, ಸರಿಯಾಗಿ ನಡೆಯುವುದು ಬೇರೆ

ತರಗತಿಯಲ್ಲಿ ಫ್ಯಾನು ತಿರುಗುತ್ತಿದೆ, ಹಾಜರಿ ಪುಸ್ತಕದಲ್ಲಿ ಗುರುತು ಬಿದ್ದಿದೆ ಎಂದ ಮಾತ್ರಕ್ಕೆ ಪಾಠ ನಡೆಯುತ್ತಿದೆಯೆಂದು ಹೇಳಲಾಗದು. ಕಂಟೇನರಿಗೂ ಇದೇ ಮಾತು. ಒಂದನೆಯ ಪ್ರಕ್ರಿಯೆ ಬದುಕಿದ್ದೂ ಅದು ಯಾರಿಗೂ ಉತ್ತರ ಕೊಡದೆ ಸಿಕ್ಕಿಕೊಂಡಿರಬಹುದು. ಆದ್ದರಿಂದ ‘ಹೆಲ್ತ್‌ಚೆಕ್’ ಎಂಬ ಸೌಕರ್ಯವಿದೆ. ಇಂತಿಷ್ಟು ಸೆಕೆಂಡಿಗೊಮ್ಮೆ ಒಳಗೆ ಒಂದು ಸಣ್ಣ ಆಜ್ಞೆಯನ್ನು ನಡೆಸಿ, ಮುಖಪುಟ ಬರುತ್ತಿದೆಯೇ ಎಂದು ಕೇಳಿ, ಬರದಿದ್ದರೆ ‘ಅಸ್ವಸ್ಥ’ ಎಂದು ಅದು ಗುರುತು ಹಾಕುತ್ತದೆ. ಆದರೆ ಒಂದೇ ಯಂತ್ರದ ಸಾಮಾನ್ಯ ಡಾಕರ್ ಅಸ್ವಸ್ಥವಾದ ಕಂಟೇನರನ್ನು ತಾನಾಗಿ ಮರುಪ್ರಾರಂಭಿಸದು. ಗುರುತು ಮಾತ್ರ ಹಾಕುತ್ತದೆ. ಗುರುತನ್ನು ಓದುವ ಕಣ್ಣೊಂದು ಬೇಕೇ ಬೇಕು. ನಮ್ಮಲ್ಲಿ ಲಿಟಲ್ ಕೈಟ್ಸ್ ಸಂಘದ ಇಬ್ಬರು ಮಕ್ಕಳು ಪ್ರತಿದಿನ ಬೆಳಗ್ಗೆ ಆ ಪಟ್ಟಿಯನ್ನು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ.

ಇನ್ನೆರಡು ಗುಪ್ತ ಶತ್ರುಗಳಿವೆ. ಒಂದು, ಲಾಗ್ ಕಡತ. ಸಾಮಾನ್ಯ ವ್ಯವಸ್ಥೆಯಲ್ಲಿ ಡಾಕರ್ ಲಾಗುಗಳಿಗೆ ಮಿತಿ ಹಾಕುವುದಿಲ್ಲ. ತಿಂಗಳುಗಟ್ಟಲೆ ನಡೆದ ಕಂಟೇನರಿನ ಮಾತುಗಳೇ ಡಿಸ್ಕನ್ನು ತುಂಬಿ ಅದರ ಉಸಿರು ಕಟ್ಟಿಸಬಲ್ಲವು. ಒಂದು ಕಡತ ಎಷ್ಟು ದೊಡ್ಡದು, ಅಂಥವು ಎಷ್ಟು ಎಂಬ ಮಿತಿಯನ್ನು ಹಾಕಬೇಕು. ಎರಡನೆಯದು, ದತ್ತಾಂಶದ ನೆಲೆ. ದಾಖಲೆಗಳು ಕಂಟೇನರಿನೊಳಗಿನ ಹಲಗೆಯ ಮೇಲಿರದೆ ‘ವಾಲ್ಯೂಮ್’ ಎಂಬ ಹೊರಗಿನ ಕಪಾಟಿನಲ್ಲಿರಬೇಕು. ಕಂಟೇನರನ್ನು ಅಳಿಸಿ ಹೊಸದನ್ನು ಮಾಡಿದರೂ ಕಪಾಟು ಉಳಿಯುತ್ತದೆ. ಆದರೆ ಕಪಾಟೂ ಅದೇ ಡಿಸ್ಕಿನಲ್ಲಿದೆಯೆಂಬುದನ್ನು ಮರೆಯಬಾರದು. ಡಿಸ್ಕ್ ಕೆಟ್ಟರೆ ಎರಡೂ ಇಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಬೇರೆ ಡಿಸ್ಕಿಗೆ ನಕಲು, ಆ ಡಿಸ್ಕ್ ಬೇರೆ ಕಟ್ಟಡದಲ್ಲಿ. ಮೂಲ ಕಾಗದಗಳಂತೂ ಕಚೇರಿಯ ಕಪಾಟಿನಲ್ಲಿಯೇ ಇರುತ್ತವೆ. ಯಂತ್ರ ಬಂತೆಂದು ಕಾಗದವನ್ನು ಬಿಸುಡುವುದು ಸಲ್ಲದು.

ಪೆಟ್ಟಿಗೆಯೊಳಗೆ ಕನ್ನಡ

ನಮ್ಮ ಶಾಲೆಗೆ ವಿಶೇಷವಾಗಿ ಸಂಬಂಧಿಸಿದ ವಿಷಯವೊಂದನ್ನು ಹೇಳಲೇಬೇಕು. ಕನ್ನಡ ಲಿಪಿ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಸ್ಥಾನ ಪಡೆದಿತ್ತು. ಹಾಗಿದ್ದೂ ಅನೇಕ ಕಂಟೇನರುಗಳೊಳಗೆ ಕನ್ನಡ ಹೆಸರಿನ ಕಡತಗಳ ಪಟ್ಟಿ ಕೇಳಿದರೆ ಪ್ರಶ್ನಾರ್ಥಕ ಚಿಹ್ನೆಗಳ ಅಥವಾ ಅಂಕೆಗಳ ಸಾಲು ಬರುತ್ತದೆ. ದಾಖಲೆ ಹಾಳಾಯಿತೆಂದು ಗಾಬರಿಯಾಗಬೇಕಿಲ್ಲ. ಇಮೇಜ್ ಚಿಕ್ಕದಾಗಿರಲೆಂದು ಭಾಷಾ ವ್ಯವಸ್ಥೆಗಳನ್ನೆಲ್ಲ ತೆಗೆದಿರುತ್ತಾರೆ. ಆಗ ಶೆಲ್ಲಿಗೆ ಇಂಗ್ಲಿಷಿನ ಮೂಲ ಅಕ್ಷರಗಳಷ್ಟೇ ಗೊತ್ತು. ‘ಲ್ಯಾಂಗ್’ ಎಂಬ ಚರಾಂಶಕ್ಕೆ ‘ಸಿ ಡಾಟ್ ಯುಟಿಎಫ್-8’ ಎಂಬ ಬೆಲೆಯನ್ನು ಕೊಟ್ಟರೆ ಅದೇ ಪಟ್ಟಿ ಕನ್ನಡದಲ್ಲಿ ಕಾಣುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟುಗಳು ಬೇಕು. ‘ಕ್ಷ’ ಎಂಬುದರಲ್ಲಿ ಕ, ವಿರಾಮ, ಷ ಎಂಬ ಮೂರು ಚಿಹ್ನೆಗಳಿರುವುದರಿಂದ 9 ಬೈಟುಗಳು. ಹೆಸರಿನ ಉದ್ದಕ್ಕೆ ಬೈಟಿನ ಮಿತಿ ಹಾಕುವಾಗ ಇದನ್ನು ನೆನೆಯಬೇಕು. ಹಾಗೆಯೇ ಕಂಟೇನರಿನೊಳಗೇ ಪಿಡಿಎಫ್ ತಯಾರಿಸುವುದಾದರೆ ಕನ್ನಡ ಅಕ್ಷರರೂಪವನ್ನು ಇಮೇಜಿನಲ್ಲಿ ಸೇರಿಸಿರಬೇಕು. ಇಲ್ಲವಾದರೆ ಪುಟದ ತುಂಬ ಖಾಲಿ ಚೌಕಗಳು. ಈ ಚಿಕ್ಕ ವಿಷಯಗಳನ್ನು ಹೊರಗಿನ ಇಮೇಜ್ ಕಟ್ಟುವವರು ನಮಗಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಕನ್ನಡದಲ್ಲಿ ದಾಖಲೆಯಿಟ್ಟುಕೊಂಡವರೇ ಅದನ್ನು ನೋಡಿಕೊಳ್ಳಬೇಕು.

ಯಾರ ಕೈಗೆ?

ಈಗ ಕೊನೆಯ ಮಾತು. ಈ ಸಂಗ್ರಹವನ್ನು ಕಟ್ಟಿಕೊಟ್ಟ ಹಳೆ ವಿದ್ಯಾರ್ಥಿಗಳು ತಮ್ಮ ಊರುಗಳಿಗೆ ಮರಳುತ್ತಾರೆ. ಇಂದು ಪಟ್ಟಿ ನೋಡುವ ಮಕ್ಕಳು ಎರಡು ವರ್ಷಗಳಲ್ಲಿ ಶಾಲೆ ಬಿಡುತ್ತಾರೆ. ನಾವು ನಿವೃತ್ತರಾಗುವ ದಿನವೂ ದೂರವಿಲ್ಲ. ಮರುಪ್ರಾರಂಭ ನೀತಿ ಕಂಟೇನರನ್ನು ಎಬ್ಬಿಸೀತು. ಅದನ್ನು ಬಲ್ಲವರನ್ನು ಎಬ್ಬಿಸಲಾರದು. ಒಂದು ತಲೆಯಲ್ಲಿ ಮಾತ್ರ ಇರುವ ವಿದ್ಯೆ ಕರಿಹಲಗೆಯ ಬರಹದಂತೆ, ಆ ವ್ಯಕ್ತಿಯೊಡನೆ ಹೊರಟುಹೋಗುತ್ತದೆ.

ಆದ್ದರಿಂದ ಕಂಟೇನರುಗಳನ್ನು ಎಬ್ಬಿಸುವ ಎಲ್ಲ ಆಜ್ಞೆಗಳನ್ನೂ ‘ಕಂಪೋಸ್’ ಎಂಬ ಒಂದೇ ಕಡತದಲ್ಲಿ ಬರೆದಿಡಲಾಗಿದೆ. ಹೊಸ ಯಂತ್ರ ಬಂದರೆ ಆ ಕಡತ, ಡಾಕರ್‌ಫೈಲ್ ಮತ್ತು ದತ್ತಾಂಶದ ನಕಲು ಈ ಮೂರಿದ್ದರೆ ಸಂಗ್ರಹವನ್ನು ಮತ್ತೆ ನಿಲ್ಲಿಸಬಹುದು. ಅದರ ವಿವರಣೆಯನ್ನು ಉದ್ದ ಗೆರೆಯ ನೋಟ್‌ಬುಕ್ಕಿನಲ್ಲಿ, ಕನ್ನಡದಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳೇ ಬರೆದಿದ್ದಾರೆ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಒಂದು ದಿನ, ಹಳಬರು ಪಕ್ಕದಲ್ಲಿ ಕುಳಿತು ಬಾಯಿಮುಚ್ಚಿಕೊಂಡಿರಬೇಕು. ಹೊಸ ಮಕ್ಕಳು ನೋಟ್‌ಬುಕ್ ಒಂದನ್ನೇ ನೋಡಿ ನಕಲಿನಿಂದ ಇಡೀ ಸಂಗ್ರಹವನ್ನು ಬೇರೊಂದು ಯಂತ್ರದಲ್ಲಿ ಎಬ್ಬಿಸಬೇಕು. ಎಲ್ಲಿ ತಡೆಯುತ್ತದೆಯೋ ಅಲ್ಲಿ ನೋಟ್‌ಬುಕ್ಕಿನ ವಾಕ್ಯವನ್ನು ತಿದ್ದಬೇಕು. ಇದನ್ನು ಶಾಲೆಯ ವಾರ್ಷಿಕ ಕಾರ್ಯಕ್ರಮ ಪಟ್ಟಿಯಲ್ಲಿ ಸೇರಿಸಬೇಕೆಂದು ಸಿಬ್ಬಂದಿ ಸಭೆಯಲ್ಲಿ ತೀರ್ಮಾನಿಸಿದ್ದೇವೆ. ಮುಂದೆ ಈ ಪೀಠಕ್ಕೆ ಬರುವವರೂ ಅದನ್ನು ನಡೆಸಿಕೊಂಡು ಬರಲೆಂಬುದು ನಮ್ಮ ವಿನಂತಿ.

ಡಾಕರ್ ಎಂಬ ಹೆಸರು ಇನ್ನು ಇಪ್ಪತ್ತು ವರ್ಷಗಳಲ್ಲಿ ಉಳಿಯದಿರಬಹುದು. ಬೇರೆ ಪೆಟ್ಟಿಗೆಗಳು ಬಂದಾವು. ಮುಖ್ಯ ಕೆಲಸ ಯಾವುದೆಂದು ಗುರುತಿಸಿ ಅದನ್ನು ಮುನ್ನೆಲೆಯಲ್ಲಿಡುವುದು, ಉಳಿಯಬೇಕಾದುದನ್ನು ಪೆಟ್ಟಿಗೆಯ ಹೊರಗೆ ಜೋಪಾನವಾಗಿಡುವುದು, ನಡೆಯುತ್ತಿದೆಯೆಂಬ ಗುರುತನ್ನು ನಂಬದೆ ದಿನವೂ ಒಳಗೆ ಇಣುಕಿ ನೋಡುವುದು, ಮುಂದಿನವರಿಗೆ ತಿಳಿಯುವ ಭಾಷೆಯಲ್ಲಿ ಬರೆದಿಡುವುದು, ಈ ನಾಲ್ಕು ಮಾತುಗಳು ಆಗಲೂ ಹಳತಾಗವು. ಊಟದ ಬಳಿಕ ಲ್ಯಾಬ್ ತೆರೆದಿರುತ್ತದೆ. ಹಿರಿಯರು ತಮ್ಮ ಕಾಲದ ಭಾವಚಿತ್ರಗಳನ್ನು ನೋಡಿ, ಹೆಸರು ಗೊತ್ತಿರುವ ಮುಖಗಳ ಹೆಸರನ್ನು ಮಕ್ಕಳಿಗೆ ಬರೆಸಬೇಕೆಂದು ಕೋರುತ್ತೇವೆ.